ಅಜ್ಜಿಯ ಮಾತಿಗೆ ಬಿದ್ದ ಕೆಂಪು ಗೆರೆ

ಬರೆಯಲು ಬಂದರೂ ಪರೀಕ್ಷೆಯಲ್ಲಿ ಖಾಲಿ ಬಿಟ್ಟು ಬರುವ ಮಕ್ಕಳು ಪ್ರತಿ ವರ್ಷ ನನ್ನ ಬಳಿ ಸಮಾಲೋಚನೆಗೆ ಬರುತ್ತಾರೆ, ಜಾಸ್ತಿ ಎಂಟು-ಒಂಬತ್ತನೇ ತರಗತಿಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಒಂಬತ್ತನೇ ತರಗತಿಯ ಹುಡುಗಿ. ಕನ್ನಡದಲ್ಲಿ ಚುರುಕಾಗಿದ್ದವಳು ಪ್ರಬಂಧ, ಗಾದೆ, ಪತ್ರ ಎಲ್ಲವನ್ನೂ ಖಾಲಿ ಬಿಟ್ಟು ಬಂದಿದ್ದಳು. "ಸೋಂಬೇರಿ ಆಗಿದ್ದಾಳೆ ಮೇಡಂ, ಮೊಬೈಲ್ ಜಾಸ್ತಿ" ಅಂದರು ತಾಯಿ.

ಮುಂದಿನ ಭೇಟಿಗೆ ಹಳೆಯ ಉತ್ತರ ಪತ್ರಿಕೆಗಳನ್ನು ತರಿಸಿದೆ. ಒಂದರಲ್ಲಿ 'ಕೈ ಕೆಸರಾದರೆ ಬಾಯಿ ಮೊಸರು' ವಿಸ್ತರಿಸಬೇಕಿತ್ತು. ಅವಳು ಬರೆದಿದ್ದಳು: "ನಮ್ಮಜ್ಜಿಯ ಕೈಗೆ ದಿನಾ ಸಗಣಿ, ಕೆಸರು. ಹಾಲೆಲ್ಲ ಡೇರಿಗೆ ಹೋಗುತ್ತದೆ. ಅಜ್ಜಿಗೆ ಸಿಗುವುದು ನೀರು ಮಜ್ಜಿಗೆ. ಹಾಗಾದರೆ ಮೊಸರು ಯಾರ ಬಾಯಿಗೆ?" ಅದರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ 'ಗೈಡ್ ನೋಡಿ ಬರೆ'.

ನಾನು ಅದನ್ನು ತಾಯಿಗೆ ಓದಿ ಹೇಳಿದೆ. ಅವರ ಅತ್ತೆಯ ವಿಷಯ ಅಲ್ವಾ, ಅವರಿಗೆ ಮಾತೇ ಹೊರಡಲಿಲ್ಲ. ಆಗ ಹುಡುಗಿ ಬಾಯಿಬಿಟ್ಟಳು: "ನನಗೆ ಅನಿಸಿದ್ದು ಬರೆದರೆ ತಪ್ಪು ಅಂತಾರೆ. ಗೈಡಿನದು ಬರೆದರೆ ಸುಳ್ಳು ಬರೆದ ಹಾಗಾಗುತ್ತೆ. ಅದಕ್ಕೆ ಏನೂ ಬರೀಲಿಲ್ಲ."

"ಸ್ವಂತಿಕೆ ಬೆಳೆಯಲಿ ಅಂತ ಡ್ರಾಯಿಂಗ್ ಕ್ಲಾಸಿಗೆ ಸೇರಿಸಲಾ?" ಅಂತ ತಾಯಿ ಕೇಳಿದರು. ಬೇಡ ಅಂದೆ. ಪ್ರತಿಭಾ ಕಾರಂಜಿ, ಬೇಸಿಗೆ ಶಿಬಿರ ಎಲ್ಲವೂ ಬೇಕು. ಆದರೆ ಸ್ವಂತವಾಗಿ ಯೋಚಿಸಲು ಕನ್ನಡದ ಪಿರಿಯಡ್ಡಿನಲ್ಲೇ ಜಾಗ ಇಲ್ಲದಿದ್ದರೆ ಅವುಗಳಿಂದ ಏನಾದೀತು? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಪ್ರಾಥಮಿಕ ಶಾಲೆಗಳ ನಲಿಕಲಿ ಕಲಿಕಾ ಪದ್ಧತಿಯಲ್ಲಿ ಪುಟ್ಟ ಮಕ್ಕಳು ಹಾಡು, ಕಥೆ, ಕಾರ್ಡುಗಳಿಂದ ಕಲಿಯುತ್ತಾರೆ. ಅದೇ ಮಕ್ಕಳು ಪ್ರೌಢಶಾಲೆಗೆ ಬಂದ ಕೂಡಲೇ ಕೈಗೆ ಗೈಡ್ ಕೊಡುತ್ತೇವೆ. ಬಾಯಿಪಾಠ ಬಿಡಿ, ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಈ ಹುಡುಗಿ ಮಾಡಿದ್ದು ಅದನ್ನೇ.

ಅವಳಿಗೆ ಹೇಳಿದ್ದು ಇಷ್ಟು: ಮೊದಲ ಎರಡು ಸಾಲಿನಲ್ಲಿ ಗಾದೆಯ ಅರ್ಥ ಬರೆ. ಆಮೇಲೆ ಅಜ್ಜಿಯ ವಿಷಯ. ಕೊನೆಗೆ ನಿನ್ನ ಪ್ರಶ್ನೆ. ಅದನ್ನು ಮಾತ್ರ ಬಿಡಬೇಡ.

"ನೀವೂ ಪರೀಕ್ಷೆಗೇ ತಲೆಬಾಗಿಸಿದಿರಿ" ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಮುಂದಿನ ವರ್ಷ ಅದನ್ನು ಬರೆಯಬೇಕಾದ ಮಗುವಿಗೆ 'ಅಂಕದ ಚಿಂತೆ ಬಿಡು' ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಅದರ ಪರಿಣಾಮ ಅನುಭವಿಸುವವಳು ಅವಳು. ಅಂಕವೂ ಸಿಗಬೇಕು, ಅವಳ ಮಾತೂ ಉಳಿಯಬೇಕು.

ತಾಯಿಗೆ, ಮೇಷ್ಟ್ರ ಹತ್ತಿರ ಜಗಳಕ್ಕೆ ಹೋಗಬೇಡಿ ಅಂದೆ. ಶಾಲೆಯ ಫಲಿತಾಂಶ ಕಡಿಮೆ ಬಂದರೆ ಉತ್ತರ ಕೊಡಬೇಕಾದವರು ಅವರು. "ಅರ್ಥ ಸರಿಯಾಗಿದ್ದು ಉದಾಹರಣೆ ಅವಳದ್ದೇ ಆದರೆ ನಡೆಯುತ್ತಾ ಸರ್?" ಅಂತಷ್ಟೇ ಕೇಳಿ ಅಂದೆ. ಕೇಳಿದರು. ಗಾದೆಗೆ ಮೇಷ್ಟ್ರು ಒಪ್ಪಿದ್ದಾರೆ, ಪ್ರಬಂಧಕ್ಕೆ ಇನ್ನೂ ಒಪ್ಪಿಲ್ಲ. ಹುಡುಗಿ ಮತ್ತೆ ಬರೆಯುತ್ತಿದ್ದಾಳೆ. ಪ್ರಬಂಧದ ವಿಷಯವನ್ನು ತಾಯಿ ಮುಂದಿನ ಪೋಷಕರ ಸಭೆಯಲ್ಲಿ ಎತ್ತಲಿದ್ದಾರೆ.