ಸೋಮಾರಿತನವೇ, ಕಾಯಿಲೆಯೇ?

ಪ್ರಶ್ನೆ: ತಂಗಿ ಮೂರು ತಿಂಗಳಿಂದ ಕೋಣೆ ಬಿಟ್ಟು ಬರುತ್ತಿಲ್ಲ. ಅಳುವುದೂ ಇಲ್ಲ. ಕೇಳಿದರೆ ‘ಏನೂ ಅನಿಸುವುದಿಲ್ಲ’ ಎನ್ನುತ್ತಾಳೆ. ಇದು ಸೋಮಾರಿತನವೇ?
– ಒಬ್ಬ ಅಕ್ಕ, ಕಾಪು

ಉತ್ತರ: ಖಂಡಿತ ಅಲ್ಲ. ಅವಳ ಆ ಮಾತನ್ನು ಹತ್ತು ವರ್ಷಗಳ ಹಿಂದೆ ನಾನೂ ಆಡಿದ್ದೇನೆ. ಖಿನ್ನತೆ ಎಂದರೆ ದುಃಖವೆಂದೇ ಎಲ್ಲರ ತಿಳಿವಳಿಕೆ. ನನಗಾದರೋ ದುಃಖವೂ ಇರಲಿಲ್ಲ. ಮಲ್ಪೆಯಿಂದ ತಂದ ತಾಜಾ ಬಂಗುಡೆಯ ಸಾರು ಬರೀ ನೀರಿನಂತಿತ್ತು. ಬೆಳಗಿನ ಜಾವ ಮೂರೂವರೆಗೇ ಎಚ್ಚರವಾಗುತ್ತಿತ್ತು. ಸ್ನಾನಕ್ಕೆಂದು ಬೈರಾಸು ಹಿಡಿದು ಹಾಸಿಗೆಯ ತುದಿಯಲ್ಲಿ ಕುಳಿತರೆ ಏಳಲಾಗುತ್ತಿರಲಿಲ್ಲ. ಬಚ್ಚಲಿನ ಹಂಡೆಯಲ್ಲಿ ನೀರು ಆರಿ ತಣ್ಣಗಾಗುತ್ತಿತ್ತು. ಅಮ್ಮ ದೃಷ್ಟಿ ತೆಗೆದರು, ದೈವಕ್ಕೆ ಹರಕೆ ಹೊತ್ತರು. ಆ ಪ್ರೀತಿಯನ್ನು ಮರೆಯಲಾರೆ. ಆದರೆ ನನ್ನನ್ನು ಎಬ್ಬಿಸಿದ್ದು ಮನೋವೈದ್ಯರ ಚಿಕಿತ್ಸೆ.

ಬೇಸರ ಅಥವಾ ನಿರಾಸಕ್ತಿ, ಜೊತೆಗೆ ನಿದ್ರೆ, ಹಸಿವಿನ ಏರುಪೇರು 2 ವಾರ ಬಿಡದೆ ಕಾಡಿದರೆ ವೈದ್ಯರಿಗೆ ತೋರಿಸಲೇಬೇಕು. ನೀವು ಮೂರು ತಿಂಗಳು ಕಾದಿದ್ದೀರಿ, ಇನ್ನು ತಡಮಾಡಬೇಡಿ. ಮಾತ್ರೆ ಕೊಟ್ಟರೆ ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು; ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಇಂದು ರಾತ್ರಿ ‘ಎದ್ದು ಓಡಾಡು, ಸರಿಹೋಗುತ್ತದೆ’ ಎನ್ನಬೇಡಿ. ಕುಚ್ಚಲಕ್ಕಿ ಗಂಜಿಯನ್ನು ಅವಳ ಕೋಣೆಗೇ ಒಯ್ದು, ಪಕ್ಕದಲ್ಲಿ ಕುಳಿತು ನೀವೂ ಉಣ್ಣಿ.