ಹತ್ತು ಸೆಂಟಿನ ಲೆಕ್ಕ ತಾಳೆಯಾಗಲಿ, ಆಮೇಲೆ ಬೆಲೆ ಮಾತಾಡಿ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಬಹಳ ವರ್ಷಗಳಿಂದ ಅಂಚೆಚೀಟಿ ಕೂಡಿಸುತ್ತಿದ್ದೇನೆ, ಹೆಚ್ಚಿನವು ಭಾರತದವು. ಬಾಸ್ಟನ್ನಿನಲ್ಲಿರುವ ಮಗಳು ಅಲ್ಲಿನ ಸ್ಟಾಂಪ್ ಪ್ರದರ್ಶನದಲ್ಲಿ ಒಂದು ಹಳೇ ಮಡಿಕೆ ಪತ್ರ ನೋಡಿ ಫೋಟೋ ಕಳಿಸಿದ್ದಾಳೆ. ಮೇಲೆ 1847ರ ವಾಷಿಂಗ್ಟನ್ 10 ಸೆಂಟ್ ಚೀಟಿ, ಅದರ ಮೇಲೆ ಪೆನ್ನಿನಲ್ಲಿ ಎಳೆದ ಗುಣಾಕಾರದ ಗುರುತು, ಪಕ್ಕದಲ್ಲಿ ನ್ಯೂಯಾರ್ಕಿನ ಕೆಂಪು ಠಸ್ಸೆ. ವಿಳಾಸ ಬಾಸ್ಟನ್ನಿನ ಒಂದು ವ್ಯಾಪಾರಿ ಮಳಿಗೆಯದು. ಬೆಲೆ ಪೇಟೆಯ ದರಕ್ಕಿಂತ ಎಷ್ಟೋ ಕಡಿಮೆ, ಆದರೆ ಅಸಲಿ ಎಂದು ಪರಿಣತರು ಕೊಡುವ ಸರ್ಟಿಫಿಕೇಟ್ ಇಲ್ಲ. ಕೊಳ್ಳಬಹುದೇ? ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ ಆಲ್ಬಮ್ಮಿಗೆ ಹಾಕಬೇಕೆಂಬ ಆಸೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಂಥದ್ದನ್ನು ಕಾಪಾಡುವುದು ಹೇಗೆ? — ಉಡುಪಿಯ ಓದುಗರು

ಸಂಪಾದಕರ ಉತ್ತರ: ನಮಸ್ಕಾರ. ಮೊದಲು ಒಂದು ವಿನಂತಿ. ಈ ಪತ್ರ ಕೊಂಡರೂ ಸರಿ, ಬೇರೆ ಯಾವುದನ್ನು ಕೊಂಡರೂ ಸರಿ, ಚೀಟಿಯನ್ನು ದಯವಿಟ್ಟು ನೀರಿಗೆ ಹಾಕಬೇಡಿ. 10 ಸೆಂಟಿನ ಈ ಚೀಟಿ ಸುಮಾರು 8 ಲಕ್ಷ 65 ಸಾವಿರ ಮಾರಾಟವಾಗಿತ್ತು. ಬಿಡಿ ಚೀಟಿ ಇಂದಿಗೂ ಹರಾಜಿನಲ್ಲಿ ಸಿಗುತ್ತದೆ. ತಾನು ಹೊರಟ ಪತ್ರದ ಮೇಲೆಯೇ ಕೂತಿರುವ ಚೀಟಿ ಮಾತ್ರ ಅಪರೂಪ. ಯಾವ ಊರಿನಿಂದ, ಯಾವ ದಿನ, ಎಷ್ಟು ದೂರಕ್ಕೆ, ಎಷ್ಟು ತೂಕಕ್ಕೆ ಎಂಬುದನ್ನೆಲ್ಲ ಹೇಳುವುದು ಆ ಹಾಳೆ. ನೀರಿಗೆ ಬಿದ್ದರೆ ವಿಳಾಸದ ಶಾಯಿ ಹರಡುತ್ತದೆ, ಕಾಗದ ಸುಕ್ಕಾಗುತ್ತದೆ, ಸಾಕ್ಷ್ಯ ಒಂದೇ ಸಲಕ್ಕೆ ಹೋಗುತ್ತದೆ.

ಇನ್ನು ಕೊಳ್ಳುವ ಮಾತು. ನೀವು ಬರೆದಷ್ಟನ್ನೇ ನೋಡಿದರೆ ನಮಗೆ ಎರಡು ಕಡೆ ಅನುಮಾನ ಬರುತ್ತದೆ.

ಒಂದನೆಯದು ದರ. 1845ರ ಜುಲೈ 1ರಿಂದ ಅಮೆರಿಕದಲ್ಲಿ ಅಂಚೆ ದರ ಸರಳವಾಯಿತು. ಅರ್ಧ ಔನ್ಸ್ ತೂಕದ ಪತ್ರಕ್ಕೆ 300 ಮೈಲಿಯೊಳಗೆ 5 ಸೆಂಟ್, ಅದಕ್ಕೆ ಮೀರಿದ ದೂರಕ್ಕೆ 10 ಸೆಂಟ್. ತೂಕ ಹೆಚ್ಚಿದರೆ ಪ್ರತಿ ಅರ್ಧ ಔನ್ಸಿಗೂ, ಅದರ ಭಾಗಕ್ಕೂ, ಇನ್ನೊಂದು ಪಟ್ಟು. ಚೀಟಿಗಳು ಬಂದದ್ದು ಎರಡು ವರ್ಷದ ಮೇಲೆ, 1847ರ ಜುಲೈ 1ರಂದು. 5 ಸೆಂಟಿನದು ಕೆಂಗಂದು ಬಣ್ಣದ ಫ್ರಾಂಕ್ಲಿನ್, 10 ಸೆಂಟಿನದು ಕಪ್ಪು ವಾಷಿಂಗ್ಟನ್. ಇವೆರಡೂ ಹುಟ್ಟಿದ್ದೇ ಆ ಎರಡು ದರಗಳಿಗೆ. ನ್ಯೂಯಾರ್ಕಿನಿಂದ ನ್ಯೂ ಆರ್ಲಿಯನ್ಸಿಗೆ 10 ಸೆಂಟ್ ಸರಿ. ಬಾಸ್ಟನ್ 300 ಮೈಲಿಯೊಳಗೇ ಇದೆ, ಅಲ್ಲಿಗೆ 5 ಸೆಂಟ್ ಸಾಕು. ವ್ಯಾಪಾರಿಯೊಬ್ಬ ಸುಮ್ಮನೆ ದುಪ್ಪಟ್ಟು ಕಟ್ಟುವುದಿಲ್ಲ. ಹಾಗಾದರೆ ಆ ಪತ್ರ ಅರ್ಧ ಔನ್ಸಿಗಿಂತ ಹೆಚ್ಚು, ಒಂದು ಔನ್ಸಿನೊಳಗೆ ತೂಗುತ್ತಿತ್ತೇ ಎಂಬುದೇ ಪ್ರಶ್ನೆ.

ಇದನ್ನು ಪರೀಕ್ಷಿಸಬಹುದು. ಅರ್ಧ ಔನ್ಸ್ ಎಂದರೆ ಸುಮಾರು 14.2 ಗ್ರಾಂ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಲಿ. ಒಂದೇ ಹಾಳೆ ಮಡಿಸಿ ಅರಗು ಒತ್ತಿದ ಪತ್ರ ಸಾಮಾನ್ಯವಾಗಿ ಅಷ್ಟು ಭಾರ ಇರುವುದಿಲ್ಲ. ಆದರೆ ಹಗುರವಾಗಿದೆ ಎಂದ ಮಾತ್ರಕ್ಕೆ ಸುಳ್ಳು ಎನ್ನುವಂತಿಲ್ಲ, ಏಕೆಂದರೆ ಒಳಗಿದ್ದ ಬಿಲ್ಲು, ರಸೀದಿ, ಬ್ಯಾಂಕಿನ ಡ್ರಾಫ್ಟು ಅಂದೇ ತೆಗೆದಿಟ್ಟು ಹೊರಹಾಳೆ ಮಾತ್ರ ಉಳಿದಿರಬಹುದು. ಆದ್ದರಿಂದ ಪತ್ರವನ್ನು ಓದಬೇಕು. ‘ಇದರೊಂದಿಗೆ ಇಂಥ ಮೊತ್ತದ ಡ್ರಾಫ್ಟ್ ಇಟ್ಟಿದ್ದೇನೆ’, ‘ಜೊತೆಗಿರುವ ಮೂರು ಪಟ್ಟಿಗಳನ್ನು ನೋಡುವುದು’ ಎಂಬಂಥ ಒಂದು ಸಾಲು ಸಿಕ್ಕರೆ ಲೆಕ್ಕ ತಾಳೆಯಾಗುತ್ತದೆ, ಎರಡು ಪಟ್ಟು ತೂಕಕ್ಕೆ ಒಂದೇ 10 ಸೆಂಟಿನ ಚೀಟಿ ಹಚ್ಚಿದ ಒಳ್ಳೆಯ ಕವರ್ (ಚೀಟಿ, ಠಸ್ಸೆ ಸಮೇತ ಅಂಚೆಯಲ್ಲಿ ಹೋದ ಪತ್ರಕ್ಕೆ ಕೂಡಿಸುವವರ ಹೆಸರು) ನಿಮ್ಮ ಕೈಗೆ ಬರುತ್ತದೆ. ಒಂದೇ ಹಾಳೆ, ಒಳಗೆ ಏನೂ ಇಟ್ಟ ಮಾತಿಲ್ಲ, ತೂಕವೂ ಇಲ್ಲ ಎಂದಾದರೆ ಆ ಚೀಟಿ ಬೇರೆಲ್ಲಿಂದಲೋ ಬಂದು ಕೂತಿದೆ ಎಂದೇ ಹಿಡಿಯಿರಿ.

ಹೀಗೆ ಕೂರಿಸುವುದು ಬಲು ಸುಲಭ. 1847ರಲ್ಲಿ ಚೀಟಿ ಹಚ್ಚುವುದು ಕಡ್ಡಾಯವಾಗಿರಲಿಲ್ಲ. ಪತ್ರ ಪಡೆದವರೇ ಹಣ ಕೊಟ್ಟು ಬಿಡಿಸಿಕೊಳ್ಳುವ ರೂಢಿ ಇನ್ನೂ ಜೋರಾಗಿತ್ತು. ಮುಂಗಡ ಪಾವತಿ ಕಡ್ಡಾಯವಾದದ್ದು 1855ರಲ್ಲಿ, ಚೀಟಿಯಲ್ಲೇ ಪಾವತಿಸಬೇಕೆಂಬ ನಿಯಮ ಬಂದದ್ದು 1856ರ ಜನವರಿ 1ರಿಂದ. ಹಾಗಾಗಿ ಚೀಟಿಯಿಲ್ಲದ ನ್ಯೂಯಾರ್ಕ್–ಬಾಸ್ಟನ್ ವ್ಯಾಪಾರಿ ಪತ್ರಗಳು ರಾಶಿ ರಾಶಿಯಾಗಿ ಉಳಿದಿವೆ, ಅಗ್ಗಕ್ಕೆ ಸಿಗುತ್ತವೆ. ಪೆನ್ನಿನಿಂದ ರದ್ದಾದ ಬಿಡಿ ಚೀಟಿ ಠಸ್ಸೆ ಬಿದ್ದದ್ದಕ್ಕಿಂತ ಕಡಿಮೆ ಬೆಲೆಯದು. ಎರಡನ್ನೂ ಅಂಟಿಸಿದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ದರ ಗೊತ್ತಿದ್ದವನು 5 ಸೆಂಟಿನದನ್ನು ಅಂಟಿಸುತ್ತಾನೆ, ಗೊತ್ತಿಲ್ಲದವನು ಕೈಗೆ ಸಿಕ್ಕಿದ್ದನ್ನು.

ಎರಡನೆಯ ಅನುಮಾನ ಆ ಗುಣಾಕಾರದ ಗುರುತು. ಸಣ್ಣ ಊರುಗಳ ಪೋಸ್ಟ್‌ಮಾಸ್ಟರರು ಚೀಟಿಯನ್ನು ಪೆನ್ನಿನಲ್ಲಿ ಗೀಚಿ ರದ್ದು ಮಾಡುತ್ತಿದ್ದದ್ದು ನಿಜ. ಅಂಚೆ ಇಲಾಖೆ ಕೆಲವು ಕಚೇರಿಗಳಿಗೆ ಏಳು ಗೆರೆಗಳ ದುಂಡು ಗ್ರಿಡ್ ಮೊಹರನ್ನೂ ಕೊಟ್ಟಿತ್ತು. ನ್ಯೂಯಾರ್ಕಿನ ಕಚೇರಿಯ ರೂಢಿ ಬೇರೆ, ಚೌಕದೊಳಗೆ ಗೆರೆಗಳಿರುವ ತನ್ನದೇ ಗ್ರಿಡ್, ಬಹುಪಾಲು ಕೆಂಪು ಶಾಯಿಯಲ್ಲಿ. ಕಪ್ಪು ವಾಷಿಂಗ್ಟನ್ ಮೇಲೆ ಆ ಕೆಂಪು ಚೌಕ ಬಿದ್ದಿರುವುದು ಒಮ್ಮೆ ನೋಡಿದರೆ ಕಣ್ಣಲ್ಲಿ ಉಳಿಯುತ್ತದೆ. ನ್ಯೂಯಾರ್ಕಿನ ಠಸ್ಸೆ ಪಕ್ಕದಲ್ಲಿದ್ದು ಚೀಟಿಯ ಮೇಲೆ ಪೆನ್ನಿನ ಗೀಟಿದ್ದರೆ ವಿವರಣೆ ಬೇಕು. ಊರಿನ ಠಸ್ಸೆಯೊಳಗೆ ಏನಿದೆ ಎಂದೂ ಮಗಳಿಗೆ ನೋಡಲು ಹೇಳಿ. ನ್ಯೂಯಾರ್ಕಿನ ಕೆಲವು ಮೊಹರುಗಳಲ್ಲಿ ತಾರೀಖಿನ ಜೊತೆ ‘5 ಸೆಂಟ್’ ಅಥವಾ ‘10 ಸೆಂಟ್’ ಎಂದೇ ಕೆತ್ತಿರುತ್ತಿತ್ತು. ಠಸ್ಸೆ 5 ಎನ್ನುತ್ತಿದ್ದು ಚೀಟಿ 10 ಎಂದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ತಾರೀಖನ್ನೂ ತಾಳೆ ಹಾಕಬೇಕು. ಆ ಕಾಲದ ಅಮೆರಿಕದ ಠಸ್ಸೆಗಳಲ್ಲಿ ಸಾಮಾನ್ಯವಾಗಿ ತಿಂಗಳು, ದಿನ ಮಾತ್ರ, ಇಸವಿ ಇರುವುದಿಲ್ಲ. ಇಸವಿ ಸಿಗುವುದು ಪತ್ರದ ತಲೆಯಲ್ಲಿ, ಇಲ್ಲವೇ ಪಡೆದ ಗುಮಾಸ್ತ ಫೈಲಿಗೆ ಹಾಕುವಾಗ ಮಡಿಕೆಯ ಮೇಲೆ ಬರೆದಿಟ್ಟ ಟಿಪ್ಪಣಿಯಲ್ಲಿ. ಈ ಚೀಟಿಗಳು 1851ರ ಜುಲೈ 1ರಿಂದ ಅಮಾನ್ಯವಾದವು. ಅಂದರೆ ಚಲಾವಣೆ ಸರಿಯಾಗಿ ನಾಲ್ಕೇ ವರ್ಷ. ಒಳಗೆ 1846 ಎಂದೋ 1853 ಎಂದೋ ಇದ್ದರೆ ಅಲ್ಲಿಗೇ ಬಿಡಿ. ಅಮಾನ್ಯವಾದ ಮೇಲೂ ಹಚ್ಚಿ ಕಳಿಸಿದ ಉದಾಹರಣೆಗಳು ಇವೆ, ಆದರೆ ಸರ್ಟಿಫಿಕೇಟಿಲ್ಲದೆ ಅವನ್ನು ಮುಟ್ಟಬಾರದು.

ಈಗ ಭೂತಗನ್ನಡಿ ಹಿಡಿದು ನೋಡುವ ಕೆಲಸ. 10 ಪಟ್ಟಿನ ಲೂಪ್ ಸಾಕು. ವ್ಯಾಪಾರಿ ಮಳಿಗೆಗಳು ಪತ್ರಗಳನ್ನು ಮತ್ತೆ ಉದ್ದಕ್ಕೆ ಮಡಿಸಿ ಕಟ್ಟು ಕಟ್ಟಿ ಇಡುತ್ತಿದ್ದವು. ಆ ಫೈಲ್ ಮಡಿಕೆ ಎಷ್ಟೋ ಸಲ ಚೀಟಿಯ ನಡುವೆಯೇ ಹಾದುಹೋಗುತ್ತದೆ. ಕೊಳ್ಳುವವರಿಗೆ ಅದು ದೋಷವೆಂದು ಕಂಡರೂ ಪರೀಕ್ಷಿಸುವವರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಾಳೆಯ ಮಡಿಕೆ ಚೀಟಿಯ ಎಡ ಅಂಚಿನವರೆಗೆ ಬಂದು, ಚೀಟಿಯಲ್ಲಿ ಮಾಯವಾಗಿ, ಬಲ ಅಂಚಿನಿಂದ ಮತ್ತೆ ಮುಂದುವರಿದಿದೆ ಎನ್ನಿ. ಆಗ ಮಡಿಕೆ ಮೊದಲು ಬಿದ್ದಿದೆ, ಚೀಟಿ ಆಮೇಲೆ ಬಂದಿದೆ. ನಿಜವಾದದ್ದಾದರೆ ಚೀಟಿಯೂ ಹಾಳೆಯ ಜೊತೆಗೇ ಮುರಿದಿರುತ್ತದೆ, ಆ ಗೆರೆಯಲ್ಲಿ ಕಪ್ಪು ಶಾಯಿ ಎದ್ದು ಬಿಳಿ ನಾರು ಕಾಣುತ್ತದೆ.

ಪೆನ್ನಿನ ಗೀಟನ್ನೂ ಹಾಗೇ ನೋಡಿ. ಗೀಟು ಚೀಟಿ ದಾಟಿ ಹಾಳೆಯ ಮೇಲೂ ಹರಿದಿದ್ದರೆ ಒಳ್ಳೆಯದು, ಕೂಡಿಸುವವರು ಅದನ್ನೇ ‘ಟೈಡ್’ ಎನ್ನುವುದು. ಆದರೆ ಚೀಟಿಯ ಮೇಲಿನ ಶಾಯಿ ಹಳತಾಗಿ ಕಂದು ತಿರುಗಿದ್ದು, ಹಾಳೆಯ ಮೇಲಿನ ತುಂಡು ಹೊಸ ಕಪ್ಪಾಗಿದ್ದರೆ ಆ ತುಂಡನ್ನು ಯಾರೋ ಎಳೆದು ಸೇರಿಸಿದ್ದಾರೆ. ಚೀಟಿಯ ಅಂಚಿನ ಮೆಟ್ಟಿಲಿನಲ್ಲಿ ನಿಬ್ಬು ಇಳಿಯುವಾಗ ಗೆರೆ ಸ್ವಲ್ಪ ಕುಪ್ಪಳಿಸುತ್ತದೆ ಅಥವಾ ಶಾಯಿ ಗಂಟು ಕಟ್ಟುತ್ತದೆ. ಅದೂ ಇರಬೇಕು. ಗೀಟು ಚೀಟಿಯ ಅಂಚಿನಲ್ಲೇ ಕತ್ತರಿಸಿದಂತೆ ನಿಂತಿದ್ದರೆ ಅಪಾಯ. ದುಂಡು ಗ್ರಿಡ್ ಮೊಹರು ಚಿಕ್ಕದು, ಚೀಟಿಯೊಳಗೇ ಮುಗಿದುಬಿಡುತ್ತದೆ, ಹಾಗಾಗಿ ‘ಟೈಡ್’ ಅಲ್ಲದ ಅಸಲಿ ಕವರುಗಳೂ ಬಹಳ. ಕೈಯಿಂದ ಎಳೆದ ಉದ್ದ ಗುಣಾಕಾರಕ್ಕೆ ಆ ವಿನಾಯಿತಿ ಕೊಡಲಾಗದು.

365 ನ್ಯಾನೊಮೀಟರಿನ ಉದ್ದ ತರಂಗದ ಅತಿನೇರಳೆ ಟಾರ್ಚ್ ಇದ್ದರೆ ಕತ್ತಲೆಯಲ್ಲಿ ಬೆಳಗಿಸಿ. ರಾಸಾಯನಿಕದಿಂದ ತೊಳೆದ ಪೆನ್ನಿನ ಗುರುತು ಬರಿಗಣ್ಣಿಗೆ ಕಾಣದಿದ್ದರೂ ಅಲ್ಲಿ ಮಸುಕಾಗಿ ಏಳುತ್ತದೆ. ಪೆನ್ನಿನ ಗೀಟು ತೊಳೆದು ಮೇಲೆ ಕೆಂಪು ಗ್ರಿಡ್ ಒತ್ತಿದ ಚೀಟಿಗಳು ಸಿಕ್ಕಿಬೀಳುವುದು ಹೀಗೇ. ಚೀಟಿಯ ಸುತ್ತ ನೀಲಿ–ಬಿಳಿ ಹೊಳಪು ಕಂಡರೆ ಅದು ಈಚಿನ ಗೋಂದು ಅಥವಾ ತೇಪೆಯ ಕಾಗದ. 1847ರ ಕಾಗದ ಹಾಗೆ ಹೊಳೆಯುವುದಿಲ್ಲ.

ಚೀಟಿಯೇ ಅಸಲಿಯೇ ಎಂಬುದನ್ನೂ ನೋಡಿಬಿಡಿ. 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕಾಗಿ ಸರ್ಕಾರವೇ 1875ರಲ್ಲಿ ಎರಡೂ ಚೀಟಿಗಳ ಮರುಮುದ್ರಣ ಹೊರಡಿಸಿತು. ಮೂಲ ಪ್ಲೇಟುಗಳು 1851ರಲ್ಲೇ ನಾಶವಾಗಿದ್ದವು, ಹೊಸ ಡೈ ಕೆತ್ತಬೇಕಾಯಿತು, ಆದ್ದರಿಂದ ವ್ಯತ್ಯಾಸ ಗೊತ್ತಾಗುತ್ತದೆ. 10 ಸೆಂಟಿನ ಅಸಲಿಯಲ್ಲಿ ವಾಷಿಂಗ್ಟನ್ನನ ಕೋಟಿನ ಎಡಗೆರೆ ಕೆಳಗಿನ ‘ಟೆನ್’ ಪದದ ಟಿ ಅಕ್ಷರದತ್ತ ಇಳಿಯುತ್ತದೆ, ಬಲಗೆರೆ ‘ಸೆಂಟ್ಸ್’ ಪದದ ಟಿ ಮತ್ತು ಎಸ್ ನಡುವೆ. ಮರುಮುದ್ರಣದಲ್ಲಿ ಎಡಗೆರೆ ರೋಮನ್ ಹತ್ತರ ಎಕ್ಸ್ ಅಕ್ಷರದ ಬಲತುದಿಯತ್ತ, ಬಲಗೆರೆ ಎಸ್ ನಡುವಿಗೆ. ಮರುಮುದ್ರಣದ ವಾಷಿಂಗ್ಟನ್ನನ ಕಣ್ಣು ನಿದ್ದೆಗಣ್ಣು, ಬಾಯಿಯ ಗೆರೆ ನೇರ, ಎಡಗೆನ್ನೆಯ ಬಳಿಯ ಗುಂಗುರಿನಲ್ಲಿ ದಟ್ಟವಾದ ಕಪ್ಪು ಚುಕ್ಕೆ. ಫ್ರಾಂಕ್ಲಿನ್ ಚೀಟಿಯಲ್ಲಿ ಅಂಗಿಯ ಬಿಳಿ ನೆರಿಗೆಯ ಎಡಬದಿ ನೋಡಿ. ಅಸಲಿಯಲ್ಲಿ ಅದು ಅಂಡಾಕಾರದ ಚೌಕಟ್ಟನ್ನು ‘ಫೈವ್’ ಪದದ ಎಫ್ ಅಕ್ಷರದ ತಲೆಯ ಮಟ್ಟದಲ್ಲಿ ಮುಟ್ಟುತ್ತದೆ, ಮರುಮುದ್ರಣದಲ್ಲಿ 5ರ ಅಂಕಿಯ ತಲೆಯ ಮಟ್ಟದಲ್ಲಿ. ಕೆಳಗೆ ಮುದ್ರಕರಾದ ರಾಡನ್, ರೈಟ್, ಹ್ಯಾಚ್ ಮತ್ತು ಎಡ್ಸನ್ ಹೆಸರಿನ ಮೊದಲಕ್ಷರಗಳು ಸಣ್ಣದಾಗಿ ಇರುತ್ತವೆ. ಮರುಮುದ್ರಣದಲ್ಲೂ ಅವಿರುವುದರಿಂದ ಅಷ್ಟನ್ನೇ ನಂಬಬೇಡಿ.

ಈ ಚೀಟಿಗಳಿಗೆ ರಂಧ್ರದ ಅಂಚಿಲ್ಲ, ಕತ್ತರಿಯಲ್ಲಿ ಕತ್ತರಿಸಿದವು. ನಾಲ್ಕೂ ಕಡೆ ಚೌಕಟ್ಟಿನ ಗೆರೆ ದಾಟಿ ಬಿಳಿ ಅಂಚು ಉಳಿದಿದ್ದರೆ ಬೆಲೆ ಜಾಸ್ತಿ. ಆ ಆಸೆಗೇ ಅಂಚು ಜೋಡಿಸುವವರಿದ್ದಾರೆ. ಬೆಳಕನ್ನು ಓರೆಯಾಗಿ ಬಿಟ್ಟು ಜೋಡಣೆಯ ಗೆರೆ ಹುಡುಕಬೇಕು.

ಇಷ್ಟೆಲ್ಲ ನೋಡಿದ ಮೇಲೂ ಕೊನೆಯ ಮಾತು ಪರಿಣತರದೇ. ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್, ಪೆನ್ಸಿಲ್ವೇನಿಯಾದ ಬೆಲ್‌ಫಾಂಟಿನಲ್ಲಿರುವ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿಯ ಪರಿಶೀಲನಾ ವಿಭಾಗ, ಇವೆರಡರ ಸರ್ಟಿಫಿಕೇಟುಗಳಿಗೆ ಪೇಟೆಯಲ್ಲಿ ಬೆಲೆ ಇದೆ. ಸರ್ಟಿಫಿಕೇಟಿನ ಒಕ್ಕಣೆಯನ್ನು ಪದ ಬಿಡದೆ ಓದಿ. ‘ಚೀಟಿ ಅಸಲಿ, ಆದರೆ ಈ ಕವರಿನಲ್ಲಿ ಹೊರಟದ್ದಲ್ಲ’ ಎಂಬ ತೀರ್ಪೂ ಸರ್ಟಿಫಿಕೇಟಿನಲ್ಲೇ ಬರುತ್ತದೆ. ‘ಅಸಲಿ’ ಎಂಬಷ್ಟನ್ನೇ ಬೆರಳಿಟ್ಟು ತೋರಿಸುವ ಮಾರಾಟಗಾರರಿದ್ದಾರೆ. ಫೋಟೋದಲ್ಲಿರುವ ಅಂಚು, ಕಲೆ, ಮಡಿಕೆ ಕೈಯಲ್ಲಿರುವುದರ ಜೊತೆ ಹೊಂದಬೇಕು. ಮಾರುವವರಿಗೆ ನೇರವಾಗಿ ಕೇಳಿ: ಸರ್ಟಿಫಿಕೇಟಿಗೆ ಒಳಪಟ್ಟು ಕೊಳ್ಳುತ್ತೇವೆ, ತೀರ್ಪು ವಿರುದ್ಧ ಬಂದರೆ ಹಣ ವಾಪಸ್, ಬರಹದಲ್ಲಿ ಕೊಡುತ್ತೀರಾ? ಒಪ್ಪದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಸರ್ಟಿಫಿಕೇಟಿನ ಕೆಲಸ ಪತ್ರ ಅಮೆರಿಕದಲ್ಲಿರುವಾಗಲೇ ಮುಗಿಸಿ. ಒಮ್ಮೆ ಭಾರತಕ್ಕೆ ಬಂದ ಮೇಲೆ ವಾಪಸ್ ಕಳಿಸುವುದು ತಲೆನೋವು. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಐತಿಹಾಸಿಕ ಮೌಲ್ಯದ ದಾಖಲೆಗೆ 75 ವರ್ಷ ದಾಟಿದರೆ ಹೊರದೇಶಕ್ಕೆ ಕಳಿಸುವಾಗ ಪ್ರಶ್ನೆ ಏಳುತ್ತದೆ. ತರುವಾಗ ಸುಂಕದ ಘೋಷಣೆಯಲ್ಲಿ ಅಂಚೆಚೀಟಿ ಮತ್ತು ಕವರುಗಳ ಶೀರ್ಷಿಕೆ 9704 ನಮೂದಿಸಿ, ನಿಜವಾದ ಬೆಲೆ ಬರೆದು, ಬಿಲ್ಲು ಮತ್ತು ಸರ್ಟಿಫಿಕೇಟಿನ ಪ್ರತಿ ಜೊತೆಗಿಡಿ. ಬೆಲೆ ತಗ್ಗಿಸಿ ಬರೆದರೆ ದಾರಿಯಲ್ಲಿ ಕಳೆದಾಗ ವಿಮೆಯೂ ಅಷ್ಟಕ್ಕೇ.

ಉಡುಪಿಯ ಮಳೆಗಾಲದ ಚಿಂತೆ ಸಹಜವಾದದ್ದೇ. ಪತ್ರವನ್ನು ಆಮ್ಲರಹಿತ ದಪ್ಪ ಕಾರ್ಡಿನ ಆಸರೆ ಕೊಟ್ಟು ಪಾಲಿಯೆಸ್ಟರ್ ಕವಚದಲ್ಲಿಡಿ. ಘಾಟು ವಾಸನೆಯ ಮೆತ್ತನೆ ಪಿವಿಸಿ ಕವಚ ಬೇಡವೇ ಬೇಡ, ಅದರಿಂದ ಒಸರುವ ಎಣ್ಣೆಯಂಥದ್ದು ಶಾಯಿಯನ್ನು ಹೀರುತ್ತದೆ. ಲ್ಯಾಮಿನೇಶನ್, ಸೆಲ್ಲೊಟೇಪ್, ನುಸಿಗುಳಿಗೆ ಯಾವುದೂ ಹತ್ತಿರ ಬರಬಾರದು. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಮಾಪಕ ಇಟ್ಟರೆ ಸಾಕು. ಮುಳ್ಳು ಶೇಕಡಾ 45ರಿಂದ 55ರ ನಡುವೆ ಇರಲಿ. 65 ದಾಟಿದರೆ ಬೂಷ್ಟಿಗೆ ದಾರಿ, 35ಕ್ಕಿಂತ ಕೆಳಗಿಳಿದರೆ ಹಳೇ ಕಾಗದ ಗರಿಗರಿಯಾಗಿ ಮಡಿಕೆಯಲ್ಲಿ ಸೀಳುತ್ತದೆ. ಜೆಲ್ ಬಣ್ಣ ತಿರುಗಿದಾಗ ತೆಗೆದು ಒಣಗಿಸಿ, ಪೂರ್ತಿ ಆರಿದ ಮೇಲೆ ವಾಪಸಿಡಿ. ಡಬ್ಬಿ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಬೇಡ, ಒಳಕೋಣೆಯ ಬೀರುವಿನ ನಡುವಿನ ಅರೆಯಲ್ಲಿರಲಿ. ಧೋ ಎಂದು ಮಳೆ ಸುರಿಯುವ ದಿನ ತೆರೆಯಬೇಡಿ. ಒಳಗಿನ ಬರಹವನ್ನು ಒಂದೇ ಸಲ ಬಿಡಿಸಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಬಂದವರಿಗೆಲ್ಲ ಮಡಿಕೆ ಬಿಚ್ಚಿ ತೋರಿಸಿದರೆ ಐದಾರು ವರ್ಷದಲ್ಲಿ ಹಾಳೆ ನಾಲ್ಕು ತುಂಡಾಗುತ್ತದೆ.

ಮಗಳಿಗೆ ಹೇಳಿ, ಮಾರಾಟಗಾರರ ಅನುಮತಿ ಪಡೆದು ಐದು ಫೋಟೋ ತೆಗೆಯಲಿ: ಪೂರ್ತಿ ಮುಖ, ಪೂರ್ತಿ ಬೆನ್ನು, ಒಳಬರಹ, ಓರೆ ಬೆಳಕಿನಲ್ಲಿ ಚೀಟಿ, ಊರಿನ ಠಸ್ಸೆ ಹತ್ತಿರದಿಂದ. ಜೊತೆಗೆ ತೂಕ ಗ್ರಾಂ ಲೆಕ್ಕದಲ್ಲಿ. ಅವನ್ನು ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಅನುಭವಿಗಳಿಗೂ ತೋರಿಸಿ, ನಮಗೂ ಕಳಿಸಿ. ಒಳಬರಹದಲ್ಲಿ ಡ್ರಾಫ್ಟಿನ ಮಾತು ಇದೆಯೇ ಎಂಬುದನ್ನು ನಾವು ಎಲ್ಲಕ್ಕಿಂತ ಮೊದಲು ಓದುತ್ತೇವೆ.

— ಸಂಪಾದಕರು