ಬಟ್ಟೆ ಚೂರಿಗೆ ಇಷ್ಟು ದೊಡ್ಡ ಮಾತು ಬೇಕಾ?

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಚಿಲಿ ದೇಶದ ಹೆಂಗಸರು ಬಟ್ಟೆ ಚೂರು ಹೊಲಿದು ಸರ್ವಾಧಿಕಾರದ ವಿರುದ್ಧ ನಿಂತರು ಅಂತ ಹೋದ ಸಂಚಿಕೆಯಲ್ಲಿ ಹಾಕಿದ್ದೀರಿ. ನಮ್ಮವ್ವ ಜೀವನಪೂರ್ತಿ ಕೌದಿ ಹೊಲಿದಳು. ಅದನ್ನು ಯಾರೂ ಹೋರಾಟ ಅನ್ನಲಿಲ್ಲ. ಹೊಲಿಗೆಗೆ ಇಷ್ಟು ದೊಡ್ಡ ಮಾತು ಬೇಕಾ?"

ಬೇಕು ಅಂತಲೇ ನನಗನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಚಿಲಿಯವರು ಹೊಲಿದದ್ದು ಹೊದಿಯುವ ಕೌದಿಯಲ್ಲ. ಗೋಣಿಬಟ್ಟೆಯ ತುಂಡಿನ ಮೇಲೆ ಹಳೇ ಬಟ್ಟೆಯ ಚೂರು ಕೂರಿಸಿ ಮಾಡಿದ ಚಿತ್ರ, ಗೋಡೆಗೆ ತೂಗುಹಾಕುವಂಥದ್ದು. ಆ ಗೋಣಿಬಟ್ಟೆಗೆ ಅಲ್ಲಿ ಆರ್ಪಿಯೇರಾ ಅಂತಾರೆ, ಚಿತ್ರಕ್ಕೂ ಅದೇ ಹೆಸರು ನಿಂತಿತು.

1973ರ ಸೆಪ್ಟೆಂಬರ್ 11ರಂದು ಅಲ್ಲಿನ ಸೇನೆ ಅಧ್ಯಕ್ಷ ಅಯೆಂದೆ ಅವರ ಚುನಾಯಿತ ಸರ್ಕಾರವನ್ನು ಉರುಳಿಸಿತು. ಜನರಲ್ ಪಿನೋಚೆಯ ಕಾಲ ಶುರುವಾಯಿತು. ಮನೆಯಿಂದ, ಕೆಲಸದ ಜಾಗದಿಂದ ಜನರನ್ನು ಎತ್ತಿಕೊಂಡು ಹೋದರು. ತಾಯಂದಿರು ಠಾಣೆ, ಜೈಲು, ಆಸ್ಪತ್ರೆ, ಶವಾಗಾರ ಅಂತ ಅಲೆದರೆ "ಅಂಥವರು ನಮ್ಮಲ್ಲಿಲ್ಲ" ಅನ್ನೋದೇ ಉತ್ತರ. ಸತ್ತ ಅಂತ ಕಾರ್ಯ ಮಾಡುವ ಹಾಗಿಲ್ಲ, ಬರುತ್ತಾನೆ ಅಂತ ನೆಮ್ಮದಿಯಾಗಿ ಕಾಯುವ ಹಾಗೂ ಇಲ್ಲ. ದುಡಿಯುವ ಕೈ ಹೋದ ಮನೆಯಲ್ಲಿ ಒಲೆಯೂ ಹೊತ್ತಬೇಕಲ್ಲ. 1974ರಲ್ಲಿ ರಾಜಧಾನಿ ಸಾಂಟಿಯಾಗೋದಲ್ಲಿ ಚರ್ಚುಗಳ ಆಸರೆಯಲ್ಲಿ ಹೊಲಿಗೆಯ ಗುಂಪುಗಳು ಶುರುವಾದದ್ದು ಹೀಗೆ. ನಾಲ್ಕು ಕಾಸು ಸಿಗಲಿ, ಜೊತೆಗೆ ಕೂತು ಅಳಲು ಒಂದು ಜಾಗ ಸಿಗಲಿ ಅಂತ. 1976ರಲ್ಲಿ ಕ್ಯಾಥೊಲಿಕ್ ಚರ್ಚಿನ ಹಿರಿಯ ಗುರು ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೇಸ್ ಅವರು ಕಟ್ಟಿದ, ದಬ್ಬಾಳಿಕೆಗೆ ಸಿಕ್ಕವರ ಪರ ನಿಂತ ವಿಕಾರಿಯಾ ಸಂಸ್ಥೆ ಈ ಚಿತ್ರಗಳನ್ನು ಕೊಂಡು ಹೊರದೇಶಕ್ಕೆ ಕಳಿಸತೊಡಗಿತು.

ಏನು ಹೊಲಿದರು ಗೊತ್ತಾ? ಬೀಗ ಬಿದ್ದ ಕಾರ್ಖಾನೆ. ಓಣಿಯವರೆಲ್ಲ ಸೇರಿ ಬೇಯಿಸುವ ಒಂದೇ ದೊಡ್ಡ ಪಾತ್ರೆ. "ಅವರೆಲ್ಲಿ?" ಅಂತ ಬರೆದ ಫಲಕ ಹಿಡಿದ ಪುಟ್ಟ ಪುಟ್ಟ ಗೊಂಬೆ ಹೆಂಗಸರು. 1978ರಲ್ಲಿ ಲೋಂಕೆನ್ ಅನ್ನೋ ಊರಿನ ಹಳೇ ಸುಣ್ಣದ ಗೂಡಿನಲ್ಲಿ 15 ಮಂದಿಯ ಮೂಳೆ ಸಿಕ್ಕವು; ಎತ್ತಿಕೊಂಡು ಹೋಗಿದ್ದ ರೈತರು, ಹುಡುಗರು ಅವರು. ಆ ಗೂಡುಗಳೂ ಬಟ್ಟೆಯ ಮೇಲೆ ಬಂದವು. ಕೆಲವು ತಾಯಂದಿರು ಕಾಣೆಯಾದ ಮಗನ ಅಂಗಿಯನ್ನೇ ಕತ್ತರಿಸಿ ಗೊಂಬೆಗೆ ತೊಡಿಸಿದರು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲ ಅದು. ಪತ್ರಿಕೆ ನಡೆಸುವವನಾಗಿ ಹೇಳುತ್ತೇನೆ, ನಾವು ಅಚ್ಚು ಹಾಕಬೇಕಾದ್ದನ್ನು ಆ ಹೆಂಗಸರು ಹೊಲಿದರು. ಮೇಲೆ ಆಂಡೀಸ್ ಬೆಟ್ಟ, ಹಳದಿ ಸೂರ್ಯ, ಅಂಚಿಗೆ ಬಣ್ಣದ ಉಣ್ಣೆ, ನೋಡಿದರೆ ಮಕ್ಕಳ ಆಟದ ಸಾಮಾನಿನ ಹಾಗೆ. ಹೆಂಗಸರ ಹೊಲಿಗೆಯನ್ನು ಯಾರು ಅಷ್ಟು ಕಣ್ಣಿಟ್ಟು ನೋಡುತ್ತಾರೆ? ಕೆಲವಕ್ಕೆ ಹಿಂದೆ ಪುಟ್ಟ ಜೇಬು, ಅದರೊಳಗೆ ಮಡಿಸಿಟ್ಟ ಚೀಟಿ. ಹೀಗೆ ಇವು ಯುರೋಪು, ಅಮೆರಿಕದ ಮನೆಗಳ ಗೋಡೆ ಸೇರಿ ಅಲ್ಲಿನವರಿಗೆ ನಡೆದದ್ದನ್ನು ತಿಳಿಸಿದವು. ಸರ್ಕಾರಕ್ಕೆ ಗೊತ್ತಾದ ಮೇಲೆ ಇವು ದೇಶದ ಹೆಸರು ಕೆಡಿಸುತ್ತಿವೆ ಅಂತ ಹರಿಹಾಯ್ದರು. ಬರೀ ಬಟ್ಟೆ ಚೂರಾಗಿದ್ದರೆ ಅಷ್ಟು ಸಿಟ್ಟು ಯಾಕೆ ಬರಬೇಕಿತ್ತು?

ಪಿನೋಚೆ ಇಳಿದದ್ದು ಹೊಲಿಗೆಯಿಂದಲ್ಲ, ನಿಜ. 1988ರ ಅಕ್ಟೋಬರ್ 5ರ ಮತದಾನದಲ್ಲಿ ಜನ ಬೇಡ ಅಂದರು, 1990ರಲ್ಲಿ ಕುರ್ಚಿ ಬಿಟ್ಟ. ಆದರೆ ಅಲ್ಲಿವರೆಗೂ "ಹಾಗೇನೂ ನಡೆದೇ ಇಲ್ಲ" ಅನ್ನುವ ಸರ್ಕಾರದ ಎದುರು ನಡೆದದ್ದನ್ನು ಹಿಡಿದಿಟ್ಟವರಲ್ಲಿ ಈ ಹೆಂಗಸರೂ ಇದ್ದರು, ಎಷ್ಟೋ ಸಲ ತಮ್ಮ ಹೆಸರೂ ಹಾಕದೆ.

ಇನ್ನು ನಿಮ್ಮ ಅವ್ವನ ಕೌದಿ. ಅದು ಹೋರಾಟ ಅಂತ ಸುಮ್ನೆ ನಿಮ್ಮನ್ನು ಖುಷಿಪಡಿಸಲು ನಾನು ಹೇಳುವುದಿಲ್ಲ. ಅವರು ಮನೆಯವರ ಚಳಿಗೆ ಹೊಲಿದರು, ಅದರ ಬೆಲೆ ಅದಕ್ಕಿದೆ. ಆದರೆ ಯಾವ ಚೂರು ಯಾರ ಸೀರೆಯದು ಅಂತ ಅವ್ವನಿಗೆ ಗೊತ್ತಿರುತ್ತಿತ್ತು, ಅಲ್ವಾ? ನಿಮಗೆ ನೆನಪಿದ್ದಷ್ಟು ಬರೆದು, ಕೌದಿಯ ಒಂದು ಫೋಟೋ ಜೊತೆಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಬಿಟ್ಟಿರುತ್ತೇನೆ.